ಸೋಪಕ್ಕನ ಖಾನೆಯಲ್ಲಿರುವ ಒಂಟಿ ಬೋಲ್ಟು

ಬೀದಿದೀಪ ಇನ್ನೂ ಆರಿಲ್ಲ. ಹತಾರದ ಅಂಗಡಿಯ ಷಟರ್ ಸೊಂಟದೆತ್ತರಕ್ಕೆ ಮಾತ್ರ ಮೇಲೆದ್ದಿದೆ. ಅದರಡಿ ಬಗ್ಗಿ ಒಳಹೋದ ಐವತ್ತಾರರ ಹೆಂಗಸು ಕೌಂಟರಿನ ಮೇಲಿನ ಟ್ರೇ ಎಳೆದುಕೊಂಡು, ಬಟ್ಟೆಸೋಪಿನ ತುಂಡುಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಾರೆ. ಬೆಂಕಿಪೊಟ್ಟಣದಷ್ಟಿರುವ ಹಳದಿ ತುಂಡುಗಳು. ಪ್ರತಿಯೊಂದರ ಮೇಲೂ ಆರು ಮೂಲೆಯ ಒಂದು ಗುಳಿ. ನಿನ್ನೆಯ ತುಂಡುಗಳನ್ನು ಚಾಕುವಿನಲ್ಲಿ ಹೆರೆದು ಕೈತೊಳೆಯುವ ಡಬ್ಬಿಗೆ ಹಾಕುವುದು ಅವರ ದಿನದ ಮೊದಲ ಕೆಲಸ.

ಇವತ್ತು ಮೂರನೆಯ ತುಂಡಿಗೆ ಚಾಕು ನಿಂತುಬಿಡುತ್ತದೆ. ಅದರ ಬೆನ್ನಿನ ಮೇಲೆ ಮೊಳೆಯಲ್ಲಿ ಗೀರಿದ ಪ್ಲಸ್ ಗುರುತಿದೆ. ನಾಲ್ಕನೆಯದನ್ನು ತಿರುಗಿಸುತ್ತಾರೆ. ಅದರಲ್ಲೂ ಪ್ಲಸ್.

"ಎರಡು ಹೆಂಗಾಯ್ತು?" ಎಂದು ತಮ್ಮನ್ನೇ ಕೇಳಿಕೊಂಡು ತುಂಡನ್ನು ಬೆಳಕಿಗೆ ಓರೆ ಹಿಡಿಯುತ್ತಾರೆ. ಪ್ಲಸ್ಸಿನ ಸುತ್ತ ಮಾಸಿಹೋದ ಚೌಕದ ಒಂದು ಗೆರೆ ಕಾಣುತ್ತದೆ.

ಬೋಲ್ಟಿನ ಅಚ್ಚು ಒತ್ತಿ ತರುವ ಗಿರಾಕಿಗಳ ಹೆಸರು ಬರೆಯಲು ಸೋಪಿನಲ್ಲಿ ಜಾಗವಿಲ್ಲ. ಅದಕ್ಕೇ ಕಸುಬಿಗೊಂದು ಗುರುತು. ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವ ನರ್ಸಿಗೆ ಪ್ಲಸ್, ಟೈಲ್ಸ್ ಹಾಕುವವನಿಗೆ ಚೌಕದೊಳಗೆ ಪ್ಲಸ್, ನಾಲ್ಕು ಬಿಲ್ಲೆ ಕೂಡಿಸಿದ ಹಾಗೆ. ನಿನ್ನೆ ಸಂಜೆ ಟೈಲ್ಸಿನವನ ಒದ್ದೆ ಕೈಯಲ್ಲಿ ಸೋಪು ಕರಗಿ ಚೌಕ ಅಳಿಸಿದೆ, ಪ್ಲಸ್ ಉಳಿದಿದೆ. ಅದೇ ಹೊತ್ತಿಗೆ ಕರೆಂಟೂ ಹೋಗಿತ್ತು. ಮೊಂಬತ್ತಿಯ ಬೆಳಕಿನಲ್ಲಿ ಆ ಗುರುತು ನೋಡಿಯೇ ಎರಡು ಪೊಟ್ಟಣ ಕಟ್ಟಿದ್ದಾರೆ. ಬೈಕಿನ ಎಣ್ಣೆ ಇಳಿಸುವ ಬೋಲ್ಟಿಗೆ ಹದಿನೇಳು ಮಿಲಿಮೀಟರಿನ ಸಾಕೆಟ್ ಬೇಕಿದ್ದ ನರ್ಸಿಗೆ ಹತ್ತೊಂಬತ್ತರದು ಹೋಗಿದೆ, ಹತ್ತೊಂಬತ್ತು ಬೇಕಿದ್ದವನಿಗೆ ಹದಿನೇಳು.

"ಟೈಲ್ಸಿನವನದೇನು ತಲೆಬಿಸಿ ಇಲ್ಲ," ಎನ್ನುತ್ತಾ ಅವರು ಅಲ್ಲೇ ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ ನಡೆಯುತ್ತಾರೆ. "ಚಿಕ್ಕದು ದೊಡ್ಡ ಬೋಲ್ಟಿಗೆ ಕೂರೋದೇ ಇಲ್ಲ. ನನಗೆ ನಾಲ್ಕು ಬೈದು ವಾಪಸ್ ತರ್ತಾನೆ. ನರ್ಸಣ್ಣಂದೇ ಭಯ. ದೊಡ್ಡ ಸಾಕೆಟ್ ಮೇಲೆ ಕೂತ ಹಾಗೆ ಮಾಡುತ್ತೆ, ತಿರುಗಿಸಿದ್ರೆ ಮೂಲೆ ತಿಂದುಹಾಕುತ್ತೆ. ಆಮೇಲೆ ಯಾವ ಸ್ಪ್ಯಾನರೂ ಹಿಡಿಯಲ್ಲ. ಎಣ್ಣೆ ಇಳಿಸೋಕಾಗಲ್ಲ, ಗಾಡಿ ನಿಂತಲ್ಲೇ ನಿಲ್ಲುತ್ತೆ."

ಬೆಳಕು ಹರಿದ ಕೂಡಲೇ ಬೋಲ್ಟು ಬಿಚ್ಚುತ್ತೇನೆಂದು ನರ್ಸು ನಿನ್ನೆ ಹೇಳಿ ಹೋಗಿದ್ದಾರೆ. ಎಂಟಕ್ಕೆ ಮೊದಲ ಮನೆ. ಹಾಸಿಗೆ ಹಿಡಿದ ಏಳು ಜನ ದಿನವೂ ಅವರ ಬೈಕಿನ ಸದ್ದಿಗೆ ಕಿವಿಗೊಟ್ಟು ಮಲಗಿರುತ್ತಾರೆ. ನರ್ಸಿನ ಫೋನ್ ನಂಬರ್ ಅಂಗಡಿಯಲ್ಲಿ ಯಾರೂ ಬರೆದುಕೊಂಡಿಲ್ಲ. ನೀರಿನ ಟ್ಯಾಂಕಿನ ಹಿಂದೆ, ಮಹಡಿ ಮೆಟ್ಟಿಲ ಕೆಳಗೆ ಗಾಡಿ ನಿಲ್ಲಿಸುತ್ತೇನೆ ಎಂದಿದ್ದರು, ಅಷ್ಟೇ ಗೊತ್ತು.

ಅಂಗಡಿಯ ಹಿಂದಿನ ಓಣಿಯಲ್ಲೇ ಮನೆ. ಕೂಗಿಗೆ ಗಂಡ ಎದ್ದು ಬರುತ್ತಾರೆ.

"ಇಲ್ಲೇ ಷಟರ್ ಹತ್ರ ಕೂತಿರಿ. ಟೈಲ್ಸಿನವನು ಬಂದ್ರೆ ಕೂರಿಸ್ಕೊಳ್ಳಿ."

"ಕೂರಿಸ್ಕೊತೀನಿ. ನೀನು ಮೊದಲು ಚಪ್ಪಲಿ ನೋಡ್ಕೊ. ಒಂದು ನಿಂದು, ಒಂದು ನಂದು."

"ಇರ್ಲಿ ಬಿಡಿ, ಇವತ್ತಿನ ದಿನವೇ ಹಾಗಿದೆ," ಎಂದು ಸೋಪಕ್ಕ ಹದಿನೇಳರ ಸಾಕೆಟ್ಟನ್ನು ಸೆರಗಿನ ತುದಿಗೆ ಗಂಟು ಹಾಕಿ ಮೊಪೆಡ್ ಹತ್ತುತ್ತಾರೆ.

ಸೋಪಕ್ಕ ಎಂಬ ಹೆಸರು ಬೀದಿಯವರು ಇಟ್ಟಿದ್ದು. ಗಂಡ ಸಣ್ಣ ಗ್ಯಾರೇಜು ನಡೆಸುತ್ತಿದ್ದ ಹದಿನಾಲ್ಕು ವರ್ಷ ಅವರು ಹತಾರ ಕೈಗೆ ಕೊಡುವ ಕೆಲಸ ಮಾಡಿದವರು. ಗಾಡಿಯ ಕೆಳಗಿನಿಂದ ಗಂಡನ ಕೈಯಷ್ಟೇ ಹೊರಬರುತ್ತಿತ್ತು, ಬಾಯಿ ಬಿಡುತ್ತಿರಲಿಲ್ಲ. ಬೇಕಾದ ಸ್ಪ್ಯಾನರ್ ಆ ಅಂಗೈಗೆ ಬೀಳುತ್ತಿತ್ತು. "ಮದುವೆಯಾದ ಮೇಲೆ ಅವರು ನನ್ ಹತ್ರ ಕೇಳದೆ ಪಡೆದದ್ದು ಅದೊಂದೇ," ಎಂದು ನಗುತ್ತಾರೆ. ಗಂಡನ ಮೊಣಕೈ ಕೆಟ್ಟು ಗ್ಯಾರೇಜು ಮುಚ್ಚಿದಾಗ ಈ ಅಂಗಡಿಗೆ ಕಸ ಗುಡಿಸಲು ಬಂದರು. ಗುಡಿಸುತ್ತಲೇ ಗಿರಾಕಿಗಳಿಗೆ "ಅದಲ್ಲ, ಇದು ತಗೊಳ್ಳಿ" ಎನ್ನತೊಡಗಿದರು. ಆರು ತಿಂಗಳಿಗೆ ಮಾಲೀಕರು ಪೊರಕೆ ಇಸಿದುಕೊಂಡು ಕೌಂಟರಿಗೆ ಕೂರಿಸಿದರು.

ಮನೆಯಲ್ಲೇ ಬೈಕಿನ ಆಯಿಲ್ ಬದಲಿಸಬೇಕು ಎಂದು ಬರುವವರು ದಿನಕ್ಕೆ ಹತ್ತು ಹನ್ನೆರಡು ಜನ. ಹೆಚ್ಚಿನವರು ನಲವತ್ತು ಹತಾರದ ಫಳಫಳ ಪೆಟ್ಟಿಗೆಗೇ ಕೈಹಾಕುತ್ತಾರೆ. ಸೋಪಕ್ಕ ಅದನ್ನು ಮೆಲ್ಲಗೆ ಹಿಂದಕ್ಕೆ ಸರಿಸುತ್ತಾರೆ. ಬೋಲ್ಟಿಗೆ ಸರಿಯಾಗಿ ಕೂರುವ ಒಂದು ಸಾಕೆಟ್, ಅದಕ್ಕೊಂದು ಉದ್ದ ಹಿಡಿ, ಹಳೆ ಎಣ್ಣೆಗೆ ಅಗಲ ಬಾಯಿಯ ತಟ್ಟೆ, ಹೊಸದಕ್ಕೆ ಉದ್ದ ಮೂತಿಯ ಫನಲ್ಲು, ಹೊಸ ವಾಷರ್. ಅಳತೆಗೆ ಬಿಗಿಯಾದಾಗ ಕಟ್ ಎನ್ನುವ ರೆಂಚು ಅಂಗಡಿಯದೇ ಒಂದಿದೆ. ಅದನ್ನು ಒಂದು ದಿನಕ್ಕೆ ಎರವಲು ಕೊಡುತ್ತಾರೆ. ಆದರೆ ಸೈಜು ಕೇಳಿದರೆ ಗಿರಾಕಿ ಹೆಬ್ಬೆರಳು ತೋರಿಸುತ್ತಾನೆ. "ಅವರವರ ಹೆಬ್ಬೆರಳು ಅವರವರಿಗೆ," ಎನ್ನುವ ಸೋಪಕ್ಕ, ಸೋಪಿನ ಒಂದು ತುಂಡು ಕೊಟ್ಟು ಕಳಿಸುತ್ತಾರೆ. ಎಂಜಿನ್ ತಣ್ಣಗಿದ್ದಾಗ ಬೋಲ್ಟಿಗೆ ಒತ್ತಿ ತರಬೇಕು. ಆ ಅಚ್ಚಿಗೆ ವರ್ನಿಯರ್ ಹಿಡಿದು ಅಳೆದು ಸಾಕೆಟ್ ಕೊಡುತ್ತಾರೆ. ತಿಂಗಳಿಗೆ ಹನ್ನೊಂದು ಬಾರ್ ಸೋಪು ಹೀಗೆ ಹೋಗುತ್ತದೆ.

ಈ ಸೋಪು ಶುರುವಾದದ್ದಕ್ಕೆ ಕಾರಣ ಕೌಂಟರಿನ ಕೆಳಖಾನೆಯಲ್ಲಿದೆ. ಮೊದಲ ವರ್ಷ ಬ್ರೆಡ್ ಹಂಚುವವರೊಬ್ಬರು ಬಂದು ಸೈಜು ಗೊತ್ತಿಲ್ಲ ಎಂದಾಗ, ಇವರು ಎಲ್ಲಕ್ಕೂ ಆಗುತ್ತದೆಂದು ಬಾಯಿ ಹಿಗ್ಗಿಸಿ ಕುಗ್ಗಿಸುವ ಸ್ಕ್ರೂ ಸ್ಪ್ಯಾನರ್ ಕೊಟ್ಟು ಕಳಿಸಿದ್ದರು. ಅದು ಜಾರಿ ಮೂಲೆ ಸವೆಯಿತು. ಉಳಿಯಿಟ್ಟು ಹೊಡೆದಾಗ ಎಂಜಿನ್ನಿನ ತಳವೇ ಬಿರುಕು ಬಿಟ್ಟಿತು. ಬೈಕು ಮೂಲೆ ಸೇರಿತು, ಬ್ರೆಡ್ಡಿನ ಕೆಲಸ ಬೇರೆಯವರ ಪಾಲಾಯಿತು. ಆತ ಒಂದು ದಿನ ಬಂದು ಗುಂಡಗಾದ ಬೋಲ್ಟನ್ನು ಕೌಂಟರಿನ ಮೇಲಿಟ್ಟು ತುಟಿ ಪಿಟಕ್ಕೆನ್ನದೆ ಹೋದರು.

"ಬೈದಿದ್ರೆ ನಿದ್ದೆ ಬರ್ತಿತ್ತು," ಎನ್ನುತ್ತಾರೆ ಸೋಪಕ್ಕ. "ಹದಿನಾರು ವರ್ಷ ಆಯ್ತು. ಬೋಲ್ಟು ಖಾನೆಯಲ್ಲೇ ಇದೆ. ಬಿಲ್ ಪುಸ್ತಕ ತೆಗೆದಾಗೆಲ್ಲ ಉರುಳಿ ಸದ್ದು ಮಾಡುತ್ತೆ."

ಆ ಸದ್ದು ಈಗ ಅವರ ತಲೆಯೊಳಗೇ ಉರುಳುತ್ತಿದೆ. ಟ್ಯಾಂಕಿನ ಹಿಂದೆ ಒಂದಲ್ಲ, ಐದು ಓಣಿ. ಮಹಡಿ ಮೆಟ್ಟಿಲಿಲ್ಲದ ಮನೆಯೇ ಇಲ್ಲ. ಮೊಪೆಡ್ ನಿಲ್ಲಿಸುತ್ತಾರೆ, ಬಗ್ಗಿ ನೋಡುತ್ತಾರೆ, ಮತ್ತೆ ಹತ್ತುತ್ತಾರೆ. ಒಂದು ಮೆಟ್ಟಿಲ ಕೆಳಗೆ ಕೋಳಿಗೂಡು, ಇನ್ನೊಂದರ ಕೆಳಗೆ ಮುರಿದ ಸೈಕಲ್ಲು. ಹಾಲಿನ ಪಾತ್ರೆ ಹಿಡಿದ ಅಜ್ಜಿಯೊಬ್ಬರು ಗೇಟಿನಿಂದಲೇ ಕೇಳುತ್ತಾರೆ, "ಏನಮ್ಮ ಕಳ್ಕೊಂಡಿದ್ದೀಯ?"

"ನರ್ಸಣ್ಣನ ಮನೆ ಅಜ್ಜಿ, ಬೈಕಿನವರು."

"ಪಟ್ಟಿ ಕಟ್ಟೋನಾ? ಕೊನೇ ಓಣಿ. ಆಗಲೇ ಏನೋ ಖಣಖಣ ಅಂತಿತ್ತು."

ಖಣಖಣ ಎಂದದ್ದೇ ತಡ, ಸೋಪಕ್ಕ ಮೊಪೆಡ್ ಅತ್ತ ತಿರುಗಿಸುತ್ತಾರೆ.

ಕೊನೆಯ ಓಣಿಯ ಮೆಟ್ಟಿಲ ಕೆಳಗೆ ಬೈಕು ಡಬಲ್ ಸ್ಟ್ಯಾಂಡಿನಲ್ಲಿದೆ. ಹಳೆ ಪೇಪರ್ ಹಾಸಿದೆ, ಅಗಲ ತಟ್ಟೆ ಇಟ್ಟಿದೆ. ಹತ್ತೊಂಬತ್ತರ ಸಾಕೆಟ್ ಹಿಡಿಗೆ ಸಿಕ್ಕಿಸಿ ಬಿದ್ದಿದೆ. ಪಕ್ಕದಲ್ಲಿ ಸ್ಟೀಲ್ ಲೋಟ ಹಿಡಿದು ನರ್ಸು ಕುಕ್ಕರುಗಾಲಲ್ಲಿ ಕುಳಿತಿದ್ದಾರೆ.

"ತಿರುಗಿಸಿದ್ರಾ?" ಮೊಪೆಡ್ ಇನ್ನೂ ನಿಂತಿಲ್ಲ, ಪ್ರಶ್ನೆ ಬಂದಾಗಿದೆ.

"ಅಯ್ಯೋ, ನೀವೇ ಬಂದ್ರಾ ಅಕ್ಕಾ!"

"ತಿರುಗಿಸಿದ್ರಾ ಹೇಳಿ ಮೊದಲು."

"ಒಂದು ಚೂರು. ಲೊಡಲೊಡ ಅಂತು. ಅಲ್ಲಾಡಿದ್ರೆ ತಿರುಗಿಸಬೇಡಿ, ಅಲ್ಲೇ ಬಿಟ್ಟು ನನ್ ಹತ್ರ ಬನ್ನಿ ಅಂತ ನೀವೇ ಮೂರು ಸಲ ಹೇಳಿದ್ರಲ್ಲ. ಮೂರನೇ ಸಲ ಸ್ವಲ್ಪ ಸಿಟ್ಟೂ ಬಂದಿತ್ತು ನನಗೆ. ನನ್ನೇನು ಮಗು ಅಂದ್ಕೊಂಡ್ರಾ ಅಂತ. ಅಂಗಡಿ ತೆಗೆಯೋದನ್ನೇ ಕಾಯ್ತಾ ಕೂತಿದ್ದೆ."

ಸೋಪಕ್ಕ ನೆಲಕ್ಕೆ ಕೈಯೂರಿ ಬಗ್ಗಿ ಬೋಲ್ಟಿನ ಆರೂ ಮೂಲೆಯ ಮೇಲೆ ಬೆರಳಾಡಿಸುತ್ತಾರೆ. ಐದು ಚೂಪಾಗಿವೆ. ಆರನೆಯದರಲ್ಲಿ ಒಂದು ಗೀರು. ಅದನ್ನು ಉಗುರಿನಲ್ಲಿ ಎರಡು ಸಲ ಮುಟ್ಟಿ ನೋಡುತ್ತಾರೆ. ಮುಖ ಸಡಿಲವಾಗುವುದಿಲ್ಲ.

"ತಪ್ಪು ನಂದು ನರ್ಸಣ್ಣ. ನಿಮ್ಮ ಪೊಟ್ಟಣ ಇನ್ನೊಬ್ಬರಿಗೆ ಹೋಗಿದೆ." ಸೆರಗಿನ ಗಂಟನ್ನು ಹಲ್ಲಿನಲ್ಲಿ ಬಿಚ್ಚುತ್ತಾರೆ. "ಎಂಜಿನ್ ಎರಡು ನಿಮಿಷ ಓಡಿಸಿ, ಎಣ್ಣೆ ಬೆಚ್ಚಗಾದ್ರೆ ಸಲೀಸಾಗಿ ಇಳಿಯುತ್ತೆ. ಆಮೇಲೆ ಇದನ್ನ ಕೂರಿಸಿ. ಕೈಯಲ್ಲೇ, ಹಿಡಿ ಬೇಡ. ಅಲ್ಲಾಡುತ್ತಾ?"

"ಇಲ್ಲ."

"ಈಗ ಹಿಡಿ ಹಾಕಿ. ಎಡಕ್ಕೆ. ಜಗ್ಗಬೇಡಿ, ಭಾರ ಬಿಡಿ."

"ನೀವೇ ಮಾಡಿಬಿಡಿ ಅಕ್ಕ, ಬಂದಿದ್ದೀರಲ್ಲ."

"ಮುಂದಿನ ಸಲ ನಾನು ಬರ್ತೀನಾ? ಸಕ್ಕರೆ ಕಾಯಿಲೆಯವರಿಗೆ ಸೂಜಿ ಅವರ ಕೈಗೇ ಕೊಟ್ಟು ಕಲಿಸಲ್ವಾ ನೀವು?"

"ಅದು ಬೇರೆ."

"ಹಾಂ, ಅದು ಚುಚ್ಚುತ್ತೆ. ತಿರುಗಿಸಿ."

ಬೋಲ್ಟು ಟಕ್ಕೆಂದು ಬಿಡುತ್ತದೆ. ಕಪ್ಪು ಎಣ್ಣೆ ತಟ್ಟೆಗೆ ಸುರಿಯುತ್ತದೆ. ಸೋಪಕ್ಕ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದಾರೆ, ಆ ಕೈಗಳನ್ನು ನಂಬುವಂತಿಲ್ಲವೆಂಬಂತೆ. ಹೊಸ ವಾಷರ್ ಕೂತು, ಎರವಲು ತಂದ ರೆಂಚು ಕಟ್ ಎಂದ ಮೇಲೂ ಹೊರಡುವುದಿಲ್ಲ. ಹೊಸ ಎಣ್ಣೆ ಹಾಕಿಸಿ, ಎಂಜಿನ್ ಓಡಿಸಿ, ಕೆಳಗೊಂದು ಬಿಳಿ ಕಾಗದ ಹಾಸಿಸಿ, ಒಂದು ಹನಿಯಾದರೂ ಬೀಳುತ್ತದೆಯೋ ಎಂದು ಹತ್ತು ನಿಮಿಷ ಕಾಯುತ್ತಾರೆ. ಕಾಗದ ಬೆಳ್ಳಗೇ ಇರುತ್ತದೆ. ಏಳೂಮುಕ್ಕಾಲಿಗೆ ನರ್ಸು ಚೀಲ ಹೆಗಲಿಗೇರಿಸುತ್ತಾರೆ. ಹೋಗುವ ಮುನ್ನ ಕಣ್ಣು ಕೆಳಗಿಳಿದು, "ಅಕ್ಕ, ಕಾಲಿಗೆ ಏನಾದ್ರೂ ಆಗಿದೆಯಾ? ಚಪ್ಪಲಿ..." ಎನ್ನುತ್ತಾರೆ.

"ಅದನ್ನೂ ನಾನೇ ಪೊಟ್ಟಣ ಕಟ್ಟಿದ್ದು. ನೀವು ಹೊರಡಿ."

ಅಂಗಡಿಯ ಮುಂದೆ ಟೈಲ್ಸಿನವನು ಆಗಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾನೆ. "ಏನ್ ಸೋಪಕ್ಕ, ಇದು ನನ್ ಬೋಲ್ಟಿಗಲ್ಲ, ಮೂಗುಬೊಟ್ಟಿಗೆ ಕೊಟ್ಟ ಹಾಗಿದೆ!" ಗಂಡ ಕೌಂಟರಿನ ಹಿಂದಿನಿಂದ ನಗುತ್ತಾರೆ. ಸೋಪಕ್ಕ ನರ್ಸಿನಿಂದ ವಾಪಸ್ ತಂದ ಹತ್ತೊಂಬತ್ತರದನ್ನು ಅವನ ಕೈಗಿಟ್ಟು, ಹದಿನೇಳರದನ್ನು ಇಸಿದುಕೊಳ್ಳುತ್ತಾರೆ.

ಇನ್ನು ಮೇಲೆ ಗುರುತು ಸೋಪಿನ ಬೆನ್ನಿಗಲ್ಲ, ದಾರ ಕಟ್ಟಿದ ಚೀಟಿಗೆ. ಜೊತೆಗೆ ಫೋನ್ ನಂಬರ್. ಅದನ್ನು ಗಂಡನಿಗೆ ಹೇಳುತ್ತಲೇ ದಾರ ಕತ್ತರಿಸಲು ಕೂರುತ್ತಾರೆ. ಐದು ತುಂಡು ಕತ್ತರಿಸುವಷ್ಟರಲ್ಲಿ ಮೂರು ಸಲ ಎದ್ದು ಬಾಗಿಲಿಗೆ ಹೋಗಿ ಬೀದಿ ನೋಡಿ ಬರುತ್ತಾರೆ. ನರ್ಸಿನ ಬೈಕು ಎರಡನೆಯ ಮನೆಗೆ ಹೋಗುವಾಗ ಈ ದಾರಿಯಲ್ಲೇ ಹಾಯಬೇಕು. ಒಂಬತ್ತೂಕಾಲಿಗೆ ಅದು ಹಾರ್ನ್ ಹೊಡೆದು ಹಾದುಹೋಗುತ್ತದೆ. ಆಮೇಲೆಯೇ ಅವರು ಚಪ್ಪಲಿ ಬದಲಿಸುವುದು.

ಏನಾದರೂ ಆಸೆ ಇದೆಯೇ ಎಂದರೆ ಸೋಪಕ್ಕ ಕೆಳಖಾನೆ ಎಳೆಯುತ್ತಾರೆ. ಬೋಲ್ಟು ಉರುಳಿ ಮುಂದೆ ಬಂದು ನಿಲ್ಲುತ್ತದೆ.

"ಇದು ಒಂಟಿಯಾಗೇ ಇದೆ ನೋಡಿ. ನಾನು ಈ ಕೌಂಟರ್ ಬಿಟ್ಟು ಹೋಗೋ ದಿನವೂ ಒಂಟಿಯಾಗೇ ಇರ್ಲಿ. ಇದಕ್ಕೊಂದು ಜೊತೆ ಸಿಗದಿದ್ರೆ ಸಾಕು."