ಗುರುತು ಸಿಗದ ಗರಗಸ

ಗೋಕಾಕದ ಆದಿನಾಥ ಚೌಗಲಾ ಪಂಪುಸೆಟ್ಟು ರಿಪೇರಿ ಮಾಡಿ ಹೊಟ್ಟೆ ಹೊರೆಯುತ್ತಿದ್ದ. ಆದರೆ ಅವನ ಜೀವ ಇದ್ದದ್ದು ಹಳೆಯ ಗರಗಸ ಯಂತ್ರಗಳಲ್ಲಿ. ಪೆಟ್ರೋಲು ಕುಡಿದು, ಗುರ್ರೆಂದು ಸದ್ದು ಮಾಡಿ, ಹಲ್ಲಿನ ಚೈನು ತಿರುಗಿಸಿ ಮರ ಕೊಯ್ಯುವಂಥವು. ಹಿಂದೊಮ್ಮೆ ಹುಕ್ಕೇರಿ ಕಡೆ ಆಣೆಕಟ್ಟಿನ ನೀರು ಏರುವ ಮೊದಲು ಗಿಡ ಕಡಿಯಲೆಂದು ಗುತ್ತಿಗೆದಾರರು ಇವನ್ನು ತರಿಸಿದ್ದರು. ಕೆಲಸ ಮುಗಿದ ಮೇಲೆ ಯಾರ್ಯಾರದೋ ಅಟ್ಟ, ದನದ ಕೊಟ್ಟಿಗೆ ಸೇರಿ ತುಕ್ಕು ಹಿಡಿದವು. ಆದಿನಾಥ ಅವನ್ನು ಹುಡುಕುತ್ತ ಅಂಕಲಗಿ, ಮೂಡಲಗಿ, ಕುಲಗೋಡ ಅಂತ ಸ್ಕೂಟರಿನಲ್ಲಿ ಅಲೆಯುತ್ತಿದ್ದ. ಕನ್ಯೆ ನೋಡಲು ಬಂದವನೂ ಅಷ್ಟು ಆಸೆಯಿಂದ ಒಳಗೆ ಇಣುಕಿ ನೋಡುವುದಿಲ್ಲ.

ಹೆಂಡತಿ ಜಿನ್ನವ್ವನಿಗೆ ಇದು ದಿನದ ತಲೆನೋವು. "ನೀರು ಸೋಸಿ ಕುಡಿಯೂ ಮಂದಿ ನಾವು. ನಮ್ಮ ಮನ್ಯಾಗ ಗಿಡಾ ಕಡಿಯೂ ಮಶೀನ ಹೊಕ್ಕಾವು. ಬಸದ್ಯಾಗ ಯಾರರ ಕೇಳಿದ್ರ ಏನಂತ ಹೇಳ್ಲಿ?"

"ಕಡಿಯೂದು ಬಿಟ್ಟು ವ್ರತಾ ಹಿಡದಾವು ಅಂತ ಹೇಳು," ಅನ್ನುತ್ತಿದ್ದ ಆದಿನಾಥ. ಅದು ಸುಳ್ಳೂ ಅಲ್ಲ. ಅವನ ಕೈಗೆ ಬಂದ ಯಾವ ಯಂತ್ರವೂ ಮತ್ತೆ ಒಂದು ಹಸಿರೆಲೆ ಮುಟ್ಟಿದ್ದಿಲ್ಲ. ತುಕ್ಕು ತಿಕ್ಕಿ, ಎಂಜಿನ್ನು ಬಿಚ್ಚಿ ತೊಳೆದು, ಹೊಸ ಬಣ್ಣ ಬಳಿದು, ವರ್ಷಕ್ಕೊಮ್ಮೆ ಖಂಡೆಪೂಜೆಯ ದಿನ ಅಂಗಡಿಯ ಮುಂದೆ ಹಲಗೆ ಹಾಕಿ, ಬಿಳಿ ಧೋತರ ಹಾಸಿ, ಸಾಲಾಗಿ ಇಡುತ್ತಿದ್ದ. ಊರವರೆಲ್ಲ ಕುಡುಗೋಲು, ಕೊಡಲಿ, ಗಾಡಿಗಳಿಗೆ ಚೆಂಡು ಹೂವು ಏರಿಸುವ ದಿನ ಇವನ ಸಾಲು ನೋಡಲು ಜನ ಸೇರುತ್ತಿದ್ದರು. ಕೈ ಒಳ್ಳೆಯದು ಅವನದು. ಹೊಗಳಿಕೆಯ ಹಸಿವು ಮಾತ್ರ ತುಸು ಜಾಸ್ತಿ.

ಎರಡು ಸಾವಿರದ ಎರಡನೆಯ ಇಸವಿ. ಮಮದಾಪುರದ ಅಲ್ಲವ್ವನ ಮನೆಯಲ್ಲಿ ಅಪರೂಪದ್ದೊಂದು ಇದೆ ಎಂದು ಸುಳಿವು ಸಿಕ್ಕಿತು. ಅವಳ ಗಂಡ ಬೀರಸಿದ್ದಪ್ಪ ಆಣೆಕಟ್ಟಿನ ಕೆಲಸದಲ್ಲಿ ಮರ ಕೊಯ್ದವನು. ತೀರಿಹೋಗಿ ಬಹಳ ವರ್ಷವಾಗಿತ್ತು. ಅವನ ಯಂತ್ರ ತೊಲೆಗೆ ತೂಗುತ್ತಿತ್ತು. ಪ್ರತಿ ವರ್ಷ ಖಂಡೆಪೂಜೆಗೆ ಇಳಿಸಿ, ಅರಿಶಿನ ಕುಂಕುಮ ಹಚ್ಚಿ, ಮತ್ತೆ ಮೇಲಕ್ಕೆ ಕಟ್ಟುತ್ತಿದ್ದಳು. ಹಿಡಿಕೆಯ ಮೇಲೆ ಅರಿಶಿನ ದಪ್ಪಗೆ ಕೂತುಬಿಟ್ಟಿತ್ತು.

"ಕೊಡಂಗಿಲ್ರಿ," ಎಂದಳು ಅಲ್ಲವ್ವ.

"ಯವ್ವಾ, ನನಗ ಬ್ಯಾಡ. ಚಾಲೂ ಮಾಡಿ, ಹೊಸಾದರಂಗ ಮಾಡಿ, ಈ ಸಲ ಎಲ್ಲಾರ ಮುಂದ ನಿನ್ನ ಕೈಲೇನ ಪೂಜಿ ಮಾಡಸ್ತೇನಿ. ಸಂಜೀಕ ಅದನ್ನ ತಗೊಂಡ ಮನಿಗಿ ಹೋಗು."

ಅವಳು ನಂಬಿದಳು. ಆದಿನಾಥನೂ ಆ ಕ್ಷಣಕ್ಕೆ ತನ್ನ ಮಾತನ್ನು ತಾನು ನಂಬಿದ್ದ.

ಅಂಗಡಿಗೆ ತಂದು ನೋಡಿದರೆ ಎಂಜಿನ್ನು ಗಟ್ಟಿ, ಮೈ ಮಾತ್ರ ತುಕ್ಕು ತಿಂದು ಜರಡಿ. ಹುಕ್ಕೇರಿಯ ಕಟ್ಟಿಗೆ ಅಡ್ಡೆಯ ದುಂಡಪ್ಪ ಹಿಂದೆ ಕೊಟ್ಟಿದ್ದ ಇನ್ನೊಂದು ಅದೇ ಜಾತಿಯದು. ಅದರ ಮೈ ಚೆಂದ, ಎಂಜಿನ್ನು ಒಡೆದಿತ್ತು. ಇಂಥದ್ದು ಕಂಡಾಗ ರಿಪೇರಿಯವನ ಕೈ ಸುಮ್ಮನಿರುವುದಿಲ್ಲ. ಅಲ್ಲವ್ವನ ಎಂಜಿನ್ನನ್ನು ದುಂಡಪ್ಪನ ಮೈಯೊಳಗೆ ಕೂರಿಸಿ ಹಗ್ಗ ಎಳೆದ, ಗುರ್ರೆಂದಿತು. ಕುಣಿದಾಡಿಬಿಟ್ಟ. ಉಳಿದ ಚೂರುಪಾರು, ಅರಿಶಿನ ಮೆತ್ತಿದ ಆ ಹಿಡಿಕೆಯ ಸಮೇತ, ಚೀಲಕ್ಕೆ ತುಂಬಿ ಗುಜರಿಗೆ ಹಾಕಿದ. ಜೀವ ಇರುವುದು ಎಂಜಿನ್ನಿನಲ್ಲಿ, ಅದು ಇಲ್ಲೇ ಇದೆಯಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಸಮಾಧಾನ ಹೇಳಿಕೊಳ್ಳಬೇಕಾಗಿ ಬಂತು ಎಂದರೆ ತಪ್ಪು ಆಗಲೇ ಗೊತ್ತಿತ್ತು ಎಂದೇ ಅರ್ಥ.

ಖಂಡೆಪೂಜೆ ಬಂತು. ಕಿತ್ತಳೆ ಬಣ್ಣದ ಆ ಯಂತ್ರ ಸಾಲಿನ ನಡುವೆ ಮದುಮಗನಂತೆ ಕೂತಿತ್ತು. ದುಂಡಪ್ಪ ಬಂದವನೇ ಅದರ ಮುಂದೆ ನಿಂತು, "ಏನ್ ಕೈರೀ ನಿಮ್ಮದು! ಕಂಪನ್ಯಾಗ ಸೈತ ಹಿಂಗ ಮಾಡಂಗಿಲ್ಲ," ಎಂದು ನಾಲ್ಕು ಜನ ಕೇಳುವಂತೆ ಹೇಳಿದ. ಆದಿನಾಥ ಉಬ್ಬಿಹೋದ.

ಅಲ್ಲವ್ವ ಬಸ್ಸಿಳಿದು ಬಂದಳು. ಮಡಿಲಲ್ಲಿ ತೆಂಗಿನಕಾಯಿ, ಹೂವು, ಅರಿಶಿನ ಕುಂಕುಮದ ಪೊಟ್ಟಣ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೊಂದನ್ನೇ ನೋಡುತ್ತ ನಡೆದಳು. ನಡುವಿನದನ್ನು ದಾಟಿಯೇ ಹೋದಳು. ತುದಿ ಮುಟ್ಟಿ ತಿರುಗಿ ಕೇಳಿದಳು: "ನಮ್ಮದು ಎಲ್ಲೈತ್ರಿ?"

ಆದಿನಾಥ ಕೈ ತೋರಿಸಿದ.

"ಇದಾ? ನಮ್ಮದರ ಹಿಡಿಕಿ ಹಿಂಗ ಇರಲಿಲ್ರಿ."

ದುಂಡಪ್ಪ ನೋಡುತ್ತಿದ್ದ. ಜನ ನೋಡುತ್ತಿದ್ದರು. "ಹೊಲಸು ತೊಳದ ಮ್ಯಾಲ ಹಂಗ ಕಾಣತೈತಿ ಯವ್ವಾ," ಎಂದ ಆದಿನಾಥ. "ಅದ ಐತಿ. ನಿನಗ ಗುರುತು ಸಿಗವಲ್ತು, ಅಷ್ಟ."

ಮುದುಕಿ ಬಗ್ಗಿ ನೋಡಿದಳು, ಮುಟ್ಟಿ ನೋಡಿದಳು. ಆಮೇಲೆ ಅವಳ ಮುಖ ಸಣ್ಣದಾಯಿತು. ಎರಡೂ ಕೆನ್ನೆ ಬಡಿದುಕೊಂಡು ಯಂತ್ರಕ್ಕೆ ಹೇಳಿದಳು: "ತಪ್ಪಾತೋ ನಮ್ಮಪ್ಪಾ. ಇಷ್ಟ ವರ್ಷ ಕೈಯಾರೆ ಪೂಜಿ ಮಾಡಿ ನಿನ್ನ ಗುರುತು ಮರತೆ." ಕಾಯಿ ಒಡೆದಳು, ಕುಂಕುಮ ಹಚ್ಚಿದಳು. ಆದಿನಾಥನ ಕಡೆ ತಿರುಗಿ, "ಇದು ನಿಮ್ಮಲ್ಲೇ ಇರಲಿ ಬಿಡ್ರಿ. ಮರತಾಕಿ ಮನ್ಯಾಗ ಯಾಕ?" ಎಂದು ಸೆರಗು ಬಾಯಿಗೆ ಒತ್ತಿಕೊಂಡು ಸ್ಟ್ಯಾಂಡಿನ ಕಡೆ ನಡೆದಳು.

ಯಂತ್ರ ಅವನದೇ ಆಯಿತು. ಒಳಗೊಳಗೇ ಬಯಸಿದ್ದೂ ಅದೇ. ಆದರೆ ಅವನಿಗೆ ನಿಂತ ನೆಲ ಬಿರಿಯಬಾರದೇ ಅನ್ನಿಸಿತು. ತಾನು ಪಡಬೇಕಾದ ನಾಚಿಕೆಯನ್ನು ಆ ಮುದುಕಿಯ ತಲೆಗೆ ಕಟ್ಟಿ ಕಳಿಸಿದ್ದ. ದುಂಡಪ್ಪ ಇನ್ನೂ ಹೊಗಳುತ್ತಲೇ ಇದ್ದ. ಆದಿನಾಥ ಚಪ್ಪಲಿ ಕೂಡ ಮೆಟ್ಟದೆ ಓಡಿದ.

ಅಲ್ಲವ್ವ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದಳು. ಅವನು ಏದುಸಿರು ಬಿಡುತ್ತ ಎಲ್ಲ ಹೇಳಿದ. ಮೈ ಬೇರೆಯವರದು, ಎಂಜಿನ್ನು ಮಾತ್ರ ನಿನ್ನದು, ಹಿಡಿಕೆ ಗುಜರಿಗೆ ಹೋಯಿತು, ನಾನು ಸುಳ್ಳು ಹೇಳಿದೆ ಎಂದ. ಬೈಗುಳಕ್ಕೆ ತಲೆ ಕೊಟ್ಟು ನಿಂತ.

ಅವಳು ಬೈಯಲಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡು, "ಹಂಗಾರ ನಾ ಮರತಿಲ್ಲಾ?" ಎಂದಳು.

"ಇಲ್ಲ ಯವ್ವಾ."

"ಖರೆ ಹೇಳ್ರಿ. ನಾ ಮರತಿಲ್ಲಲಾ?"

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ಅವಳು ಕಣ್ಣೊರೆಸಿಕೊಂಡಳು. ಮಮದಾಪುರದ ಬಸ್ಸು ಬಂತು, ಹೋಯಿತು. ಆಮೇಲೆ, "ಉಳದದ್ದರ ಬಿಚ್ಚಿ ಕೊಡ್ರಿ, ನಡ್ರಿ," ಎಂದು ಎದ್ದಳು.

ಜನ ಇನ್ನೂ ಕರಗಿರಲಿಲ್ಲ. ಆದಿನಾಥ ಮದುಮಗನನ್ನು ನೆಲಕ್ಕಿಳಿಸಿ ಪಾನಾ ಹಿಡಿದ. "ಏ, ಏನ್ ಮಾಡಾಕತ್ತೀರಿ?" ಎಂದು ದುಂಡಪ್ಪ ಕೂಗಿದಾಗ, ತಲೆ ಎತ್ತದೆ ಎಲ್ಲರಿಗೂ ಕೇಳುವಂತೆ ಹೇಳಿದ: "ಇದು ಎರಡರದ್ದು ಕೂಡಿಸಿದ್ದರಿ. ಈಕೀಗಿ ಸುಳ್ಳು ಹೇಳಿದ್ದೆ." ಬಾಗಿಲಲ್ಲಿದ್ದ ಜಿನ್ನವ್ವ ಒಳಗೆ ಹೋದಳು. ಆದಿನಾಥ ಒಂದೊಂದೇ ಬೋಲ್ಟು ಬಿಚ್ಚಿ ಎಂಜಿನ್ನು ಹೊರತೆಗೆದು, ಒರೆಸಿ, ಅಲ್ಲವ್ವನ ಮಡಿಲಲ್ಲಿ ಇಟ್ಟ.

ಅವಳು ಮೆಟ್ಟಿಲ ಮೇಲೆ ಕೂತು ಅದಕ್ಕೆ ಅರಿಶಿನ ಹಚ್ಚಿದಳು. ಪೊಟ್ಟಣವನ್ನು ಅವನ ಕಡೆ ಚಾಚಿ, "ನೀವೂ ಹಚ್ರಿ. ಚಾಲೂ ಮಾಡಿದ್ದು ನಿಮ್ಮ ಕೈ ಅಲ್ಲಾ," ಎಂದಳು.

ಆದಿನಾಥನ ಕೈ ಮೇಲೇಳಲಿಲ್ಲ.