ತೆಳುವಾದ ಎಣ್ಣೆ, ಸುಮ್ಮನಾದ ಅತ್ತೆ

ನಾನು ಹುಟ್ಟಾ ಪುಕ್ಕಲಿ. ಗುಡುಗಿಗೆ, ಹಲ್ಲಿಗೆ, ನೆಂಟರ ಮನೆಯ ನಾಯಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಅತ್ತೆಯ ಬಾಯಿಗೆ ಹೆದರುತ್ತಿದ್ದೆ. ಅರವತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಹೊಸನಗರಕ್ಕೆ ಬಂದ ಮೇಲೆ ಅತ್ತೆಯ ಜೊತೆಗೆ ಹೆದರಲು ಇನ್ನೊಂದೂ ಸಿಕ್ಕಿತು, ಗಂಡನ ಬಾಡಿಗೆ ಕಾರು. ಯಾರೋ ಓಡಿಸಿ ದಣಿಸಿದ್ದ ಆ ಹಳೆಯ ಗಾಡಿಯಲ್ಲಿ ಇವರು ಸಾಗರ, ತೀರ್ಥಹಳ್ಳಿ ಎಂದು ಜನರನ್ನು ಕೂರಿಸಿಕೊಂಡು ತಿರುಗುತ್ತಿದ್ದರು. ಪೆಟ್ರೋಲ್ ಉಳಿಸುವ ಹುಚ್ಚು ಬೇರೆ. ಇಳಿಜಾರು ಬಂತೆಂದರೆ ಎಂಜಿನ್ ಆರಿಸಿಬಿಡುವರು. ಪಕ್ಕದಲ್ಲಿ ಕೂತ ನಾನು ಕಣ್ಣು ಮುಚ್ಚಿ ಕುಲದೇವರನ್ನು ನೆನೆಯುತ್ತಿದ್ದೆ.

ಮಾಗಿಯ ಚಳಿಯಲ್ಲಿ ಆ ಗಾಡಿಯನ್ನು ಎಬ್ಬಿಸುವುದೇ ಒಂದು ಯುದ್ಧ. ಒಳಗಿನ ಆಯಿಲ್ ಮಂದವಾಗಿ ಕೂತಿರುತ್ತಿತ್ತು. ಇವರು ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬೆವರುತ್ತಿದ್ದರೆ ಅತ್ತೆ ಒಳಗಿನಿಂದಲೇ ಶುರುಮಾಡುತ್ತಿದ್ದರು.

"ನೀ ಅದನ್ನ ತಿರುಗ್ಸಾದ್ರೊಳಗೆ ನಡ್ಕಂಡೇ ಸಾಗರ ಮುಟ್ಬೋದಿತ್ತು ಮಾರಾಯ! ಊರೋರ ನಿದ್ದೆ ಯಾಕೆ ಕೆಡಿಸ್ತೀಯ?"

ಅದೇ ಚಳಿಗಾಲದಲ್ಲಿ ಸಾಗರದಲ್ಲಿ ಯಾರೋ ಇವರ ತಲೆಗೆ ಒಂದು ವಿಷಯ ತುಂಬಿದರು. ನಲವತ್ತು ನಂಬರಿನ ದಪ್ಪ ಆಯಿಲ್ ತೆಗೆದು ಇಪ್ಪತ್ತರದ್ದು ಹಾಕಿದರೆ ಎಂಜಿನ್ ಹಗುರವಾಗಿ ತಿರುಗುತ್ತದೆ, ಪೆಟ್ರೋಲೂ ಕಡಿಮೆ ಕುಡಿಯುತ್ತದೆ ಎಂದು. ಇವರು ಡಬ್ಬಿ ತಂದೇಬಿಟ್ಟರು. ಬೆಳಗಿನ ಇಬ್ಬನಿಯಲ್ಲಿ ನಿಂತು, ಬೆಲ್ಲದ ಪಾಕ ನೋಡುವ ಹಾಗೆ ಹೆಬ್ಬೆರಳು ತೋರುಬೆರಳ ನಡುವೆ ಒಂದು ತೊಟ್ಟು ಹಿಡಿದು ಉಜ್ಜಿದರು.

"ನೋಡೇ, ಹೆಂಗೆ ಜಾರ್ತದೆ!"

ಮಾರನೆಯ ದಿನ ಗಾಡಿ ಒಂದೇ ಸುತ್ತಿಗೆ ಎದ್ದಿತು. ಪೆಟ್ರೋಲೂ ನಿಜವಾಗಿ ಉಳಿಯಿತು. ಅತ್ತೆಗೆ ಬೈಯಲು ಒಂದು ಕಾರಣ ತಪ್ಪಿತು, ಅವರು ಬೇರೆ ಹುಡುಕಿಕೊಂಡರು.

ಚೈತ್ರದ ಒಂದು ಬೆಳಿಗ್ಗೆ ಅತ್ತೆ ಹೊಟ್ಟೆ ಹಿಡಿದುಕೊಂಡು ಕೂತರು. ಊರಿನ ಡಾಕ್ಟರು ಬಂದು ತೊಡೆಯ ಸಂದಿನ ಗಂಟನ್ನು ಮುಟ್ಟಿ ನೋಡಿ ಇವರನ್ನು ಹೊರಗೆ ಕರೆದರು. ನಾನೂ ಬಾಗಿಲ ಮರೆಯಲ್ಲಿ ನಿಂತೆ.

"ಕರುಳು ಸಿಕ್ಕಿಹಾಕ್ಕೊಂಡಿದೆ. ಇವತ್ತೇ ಆಪರೇಷನ್ ಆಗ್ಬೇಕು. ತೀರ್ಥಹಳ್ಳಿಗೆ ಹೊರಡಿ, ಅಲ್ಲಿ ಮಾಡೋರಿದ್ದಾರೆ. ಕೂಗಾಡ್ತಿದ್ರೆ ಕೂಗಾಡ್ಲಿ. ಸುಮ್ನಾಗ್ಬಿಟ್ರೆ ಮಾತ್ರ ಅಪಾಯ, ಒಂದು ಗಳಿಗೇನೂ ತಡ ಮಾಡ್ಬೇಡಿ."

ಹಿಂದಿನ ಸೀಟಿನಲ್ಲಿ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ರಿಪ್ಪನ್‌ಪೇಟೆ ದಾಟುವವರೆಗೂ ಅವರು ಮಗನನ್ನು, ಗಾಡಿಯನ್ನು, ರಸ್ತೆಯ ಹೊಂಡಗಳನ್ನು, ನನ್ನ ಮೂಳೆ ತೊಡೆಯನ್ನು ಒಂದೂ ಬಿಡದೆ ಬೈದರು. ಅಷ್ಟು ಸುಖವಾಗಿ ನಾನು ಬೈಗುಳ ಕೇಳಿದ್ದೇ ಇಲ್ಲ.

ಬಿಸಿಲು ನೆತ್ತಿಗೇರಿತ್ತು. ಬೇರೆ ದಿನವಾದರೆ ಜನ ಹತ್ತಿಸಲು ಇಳಿಸಲು ಅಲ್ಲಲ್ಲಿ ನಿಲ್ಲುತ್ತಿದ್ದ ಗಾಡಿ ಇವತ್ತು ಒಂದೇ ಉಸಿರಿಗೆ ಏರು ಹತ್ತುತ್ತಿತ್ತು. ಇವರು ಮತ್ತೆ ಮತ್ತೆ ಮುಂದಕ್ಕೆ ಬಗ್ಗಿ ನೋಡುತ್ತಿದ್ದರು. ಆಯಿಲ್ ಒತ್ತಡ ತೋರಿಸುವ ಮುಳ್ಳು ಕೆಳಗಿಳಿಯುತ್ತಿತ್ತು.

"ಎಂತಾಯ್ತು?" ಎಂದೆ.

"ಆಯಿಲ್ ಕಾದು ನೀರಾಗ್ಬಿಟ್ಟದೆ. ಹಿಂಗೇ ಓಡ್ಸಿದ್ರೆ ಎಂಜಿನ್ ಹಿಡ್ಕಂಬಿಡ್ತದೆ. ಆಮೇಲೆ ಅಲ್ಲಾಡಲ್ಲ."

ಮಾಗಿಯ ಬೆಳಿಗ್ಗೆ ಬೆರಳಲ್ಲಿ ಹಿಡಿದು ನೋಡಿದ ಎಣ್ಣೆ ಬೇರೆ, ಈ ಬಿಸಿಲಿಗೆ ಎಂಜಿನ್ನಿನೊಳಗೆ ಕುದಿಯುತ್ತಿರುವುದೇ ಬೇರೆ. ಆರಿದರೆ ಗಟ್ಟಿಯಾಗುವ ಪಾಕ ಒಲೆಯ ಮೇಲೆ ಎಷ್ಟು ತೆಳ್ಳಗಿರುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಇಬ್ಬರಿಗೂ ಹೊಳೆಯಲಿಲ್ಲ. ನಿಲ್ಲಿಸಿ ತಣ್ಣಗಾಗಲು ಬಿಟ್ಟರೆ ಹೊತ್ತು ಹೋಗುತ್ತದೆ. ಓಡಿಸಿದರೆ ಸುತ್ತ ಒಂದು ಮನೆಯೂ ಇಲ್ಲದ ಕಾಡಿನ ನಡುವೆ ಗಾಡಿ ಕೆಟ್ಟು ನಿಲ್ಲುತ್ತದೆ. ಇವರು ವೇಗ ತಗ್ಗಿಸಿ ಕೋಣಂದೂರಿನವರೆಗೆ ಹೇಗಾದರೂ ಎಳೆಯುತ್ತೇನೆಂದರು. ಎಂಜಿನ್ನಿನಿಂದ ಟಕಟಕ ಸದ್ದು ಬರತೊಡಗಿತು.

ಆ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿದೆಯಲ್ಲ ಎಂದು ಆಗ ಹೊಳೆಯಿತು. ಅತ್ತೆ ಬೈಯುವುದನ್ನು ನಿಲ್ಲಿಸಿದ್ದರು.

"ಅತ್ತೇ," ಎಂದೆ. ಉತ್ತರವಿಲ್ಲ. ಹಣೆಯ ಮೇಲೆ ತಣ್ಣನೆಯ ಬೆವರು. ಉಸಿರಿತ್ತು, ಅಷ್ಟೇ. ಇವರಿಗೆ ಹೇಳಿದರೆ ಗಾಡಿಯನ್ನು ಜೋರಾಗಿ ಓಡಿಸುತ್ತಾರೆ, ಎಂಜಿನ್ ಹೋಗುತ್ತದೆ. ಹೇಳದೆ ಬಾಯಿಗೆ ಸೆರಗು ತುರುಕಿಕೊಂಡು ಕೂತೆ. ಜೀವಮಾನದಲ್ಲಿ ಅಂಥ ಹೆದರಿಕೆಯನ್ನು ನಾನು ಮತ್ತೆ ಕಂಡಿಲ್ಲ.

ಕೋಣಂದೂರಿನ ಅಕ್ಕಿ ಗಿರಣಿಯ ಮುಂದೆ ಗಾಡಿ ನಿಂತಿತು. ಇವರು ಓಡಿಹೋಗಿ ಗಿರಣಿ ಎಂಜಿನ್ನಿಗೆ ಹಾಕುವ ನಲವತ್ತರ ಆಯಿಲ್ ಕೇಳಿದರು. ಗಿರಣಿಯವರು ಗಾಡಿಯೊಳಗೆ ಮಲಗಿದ್ದ ಅತ್ತೆಯನ್ನು ನೋಡಿ ಕೂಡಲೇ ಡಬ್ಬಿ ಎತ್ತಿಕೊಂಡು ಬಂದರು. ಗಾಡಿಯ ಅಡಿಗೆ ತೂರಿ ಇವರು ತಿರುಪು ಬಿಚ್ಚಿದಾಗ ಹಳೆಯ ಆಯಿಲ್ ಕಷಾಯದಂತೆ ಸುರಿಯಿತು, ಇವರ ಕೈ ಸುಟ್ಟಿತು. ಅದು ಪೂರ್ತಿ ಇಳಿಯುವವರೆಗೆ ಕಾಯಲೇಬೇಕಿತ್ತು.

ನಾನು ಸೆರಗಿನಿಂದ ಗಾಳಿ ಹಾಕುತ್ತಿದ್ದೆ. ಕರೆದೆ, ಕೆನ್ನೆ ತಟ್ಟಿದೆ, ಅತ್ತೆ ಕಣ್ಣು ಬಿಡಲಿಲ್ಲ. ಆ ಹುಚ್ಚು ಧೈರ್ಯ ಎಲ್ಲಿಂದ ಬಂತೋ, ಅವರ ಕಿವಿಗೆ ಬಾಯಿಟ್ಟು ಹೇಳಿದೆ.

"ಅತ್ತೇ, ನೀವು ಹಾಕಿದ ಮಿಡಿ ಉಪ್ಪಿನಕಾಯಿ ಈ ವರ್ಷ ಹುಳ ಬಿದ್ದದೆ. ಉಪ್ಪು ಹಾಕೋಕೆ ಬರಲ್ಲ ನಿಮಗೆ. ನಮ್ಮಮ್ಮ ಹಾಕಿದ್ದೇ ಚಂದ."

ರೆಪ್ಪೆ ಅಲುಗಿತು. ತುಟಿ ಅಂಟಿಕೊಂಡಿತ್ತು, ಬಿಡಿಸಿಕೊಂಡು ಪಿಸುಗುಟ್ಟಿದರು.

"ನಿಮ್ಮಮ್ಮಂಗೆ... ಎಂತ ಗೊತ್ತದೆ..."

ನಾನು ಗೊಳೋ ಎಂದು ಅತ್ತುಬಿಟ್ಟೆ. ಅಳುತ್ತಲೇ ತೀರ್ಥಹಳ್ಳಿಯವರೆಗೂ ತವರಿನ ಉಪ್ಪಿನಕಾಯಿ, ತವರಿನ ಹಪ್ಪಳ, ತವರಿನ ತುಪ್ಪ ಎಂದು ಹೊಗಳಿದೆ. ಅವರು ಒಂದೊಂದೇ ಮಾತಿನಲ್ಲಿ ನನ್ನ ತವರನ್ನು ತೆಗಳುತ್ತ ಬಂದರು. ದಪ್ಪ ಆಯಿಲ್ ಹಾಕಿದ ಮೇಲೆ ಮುಳ್ಳು ಮತ್ತೆ ಮೇಲೆದ್ದಿತ್ತು, ಗಾಡಿ ಓಡಿತು.

ಆಪರೇಷನ್ ಆಯಿತು. ಇನ್ನು ಸ್ವಲ್ಪ ತಡವಾಗಿದ್ದರೆ ಕರುಳು ಸತ್ತುಹೋಗುತ್ತಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರು. ಇವರು ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ಆಸ್ಪತ್ರೆಯ ಜಗಲಿಯಲ್ಲಿ ಕೂತು ಮಗುವಿನ ಹಾಗೆ ಅತ್ತರು.

ಆಮೇಲೆ ಆ ಗಾಡಿ ಇರುವವರೆಗೂ ಇವರು ತೆಳು ಆಯಿಲ್ ಮುಟ್ಟಲಿಲ್ಲ. ಮಾಗಿ ಬಂದರೆ ಮತ್ತೆ ಅದೇ ಯುದ್ಧ. ನಾನು ಎದ್ದು ಅಡುಗೆಮನೆಯ ಕತ್ತಲಲ್ಲಿ ಕಿವಿಗೊಟ್ಟು ನಿಲ್ಲುತ್ತಿದ್ದೆ. ಮೊದಲು ಅಂಗಳದಿಂದ ಹ್ಯಾಂಡಲ್ ತಿರುಗಿಸುವ ಸದ್ದು. ಆಮೇಲೆ ಕೋಣೆಯಿಂದ ಅತ್ತೆಯ ದನಿ, "ನಡ್ಕಂಡೇ ಸಾಗರ ಮುಟ್ಬೋದಿತ್ತು ಮಾರಾಯ!" ಎರಡೂ ಕೇಳಿಸಿದ ಮೇಲೆಯೇ ನಾನು ಕಾಫಿಗೆ ನೀರಿಡುತ್ತಿದ್ದುದು.