ಬಾಡಿಗೆ ಮನೆಯ ಟೈಟಲ್‌ನಲ್ಲಿ ನಾನು

ಎರಡು ವರ್ಷದ ಹಿಂದಿನ ಜೂನ್ ತಿಂಗಳು. ಇಲ್ಲಿ ಆಸ್ಟ್ರೇಲಿಯಾದಲ್ಲಿ ಅದು ಚಳಿಗಾಲ. ಸಿಡ್ನಿಯ ಎಪ್ಪಿಂಗ್‌ನಲ್ಲಿರುವ ನನ್ನ ಮೈದುನ ಪ್ರಶಾಂತನ ಹೆಂಡತಿ ಸಿಂಧುವಿಗೆ ಹೆರಿಗೆಯಾಗಿತ್ತು, ಆಪರೇಷನ್ ಮಾಡಿ ಮಗು ತೆಗೆದಿದ್ದರು. ಬಾಣಂತನಕ್ಕೆ ಬರಬೇಕಿದ್ದ ಅವಳ ತಾಯಿಯ ವೀಸಾ ಇನ್ನೂ ಕೈಗೆ ಸಿಕ್ಕಿರಲಿಲ್ಲ. ಸಿಂಧು ಫೋನ್ ಮಾಡಿದಾಗ ಬನ್ನಿ ಎಂದು ಕೇಳಲಿಲ್ಲ. “ಮಗು ತುಂಬಾ ಅಳುತ್ತೆ ಅಕ್ಕ” ಎಂದಷ್ಟೇ ಹೇಳಿದಳು. ನಾನು ಹೊರಡಲು ಅಷ್ಟೇ ಸಾಕಿತ್ತು. ಅಂಟಿನುಂಡೆ ಕಟ್ಟಿ ಡಬ್ಬಿಗೆ ತುಂಬಿಕೊಂಡು, ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿರುವ ನಮ್ಮ ಮನೆಯನ್ನು ಯಜಮಾನರಿಗೂ ಮಗಳು ಮೇಘಾಳಿಗೂ ಒಪ್ಪಿಸಿ ವಿಮಾನ ಹತ್ತಿದೆ.

ಪ್ರಶಾಂತನದು ಹಳೆಯ ಇಟ್ಟಿಗೆ ಮನೆ. ಹಿತ್ತಿಲಿನಲ್ಲಿ ಒಂದು ನಿಂಬೆ ಮರ, ಅದರ ಪಕ್ಕದಲ್ಲಿ ಒಂದು ಕೋಣೆ ಮತ್ತು ಬಚ್ಚಲು ಇರುವ ಪುಟ್ಟ ಮನೆ. ಇಲ್ಲಿನವರು ಅದಕ್ಕೆ ಗ್ರಾನಿ ಫ್ಲ್ಯಾಟ್ ಅನ್ನುತ್ತಾರೆ. ಮಾರ್ಟ್‌ಗೇಜ್ ಭಾರ ಇಳಿಯಲಿ ಎಂದು ಅವನು ಅದನ್ನು ಒಂದು ಆ್ಯಪ್ ಮೂಲಕ ಪ್ರವಾಸಿಗರಿಗೆ ಎರಡು ದಿನ, ನಾಲ್ಕು ದಿನದ ಮಟ್ಟಿಗೆ ಬಾಡಿಗೆಗೆ ಕೊಡುತ್ತಿದ್ದ. ಬಂದವರು ಪಕ್ಕದ ಗೇಟಿನಿಂದ ಬಂದು ಪಕ್ಕದ ಗೇಟಿನಿಂದಲೇ ಹೋಗುತ್ತಿದ್ದರು. ನಮಗೆ ಕಾಣಿಸುತ್ತಿದ್ದುದು ಅವರ ಸೂಟ್‌ಕೇಸಿನ ಚಕ್ರ ಮಾತ್ರ.

ನಾನು ಹೋದ ಮೊದಲ ವಾರದಲ್ಲೇ ಒಂದು ಸಂಜೆ ಪ್ರಶಾಂತ ಲ್ಯಾಪ್‌ಟಾಪ್ ಹಿಡಿದು ಅಡುಗೆಮನೆಗೆ ಬಂದ. ಚಳಿಗೆ ಬುಕಿಂಗ್ ಕಡಿಮೆಯಾಗಿದೆ, ಟೈಟಲ್ ಬದಲಾಯಿಸಬೇಕು ಅಂದ. “ಅತ್ತಿಗೆ, ನೀವು ಕಾನ್ವೆಂಟ್‌ನಲ್ಲಿ ಓದಿದೋರು. ಒಂದೊಳ್ಳೆ ಟೈಟಲ್ ಹೇಳಿ.” ಅವನು ತೋರಿಸಿದ ಪುಟದಲ್ಲಿ ಎಪ್ಪಿಂಗ್‌ನ ಬಾಡಿಗೆ ಮನೆಗಳೆಲ್ಲ ಸಾಲಾಗಿ ನಿಂತಿದ್ದವು. ಒಂದು ಕೋಜಿ ಸ್ಟುಡಿಯೋ, ಇನ್ನೊಂದು ಕೋಜಿ ರೂಮ್, ಮತ್ತೊಂದು ಕೋಜಿ ಅಂಡ್ ಕ್ಲೀನ್. ನಮ್ಮದು ‘ಕೋಜಿ ಸ್ಟುಡಿಯೋ ನಿಯರ್ ಸ್ಟೇಷನ್’. ಎಲ್ಲರೂ ಅದನ್ನೇ ಹೇಳಿದರೆ ಯಾರೂ ಏನೂ ಹೇಳಿದ ಹಾಗಾಗುವುದಿಲ್ಲ ಎಂದು ನನಗನ್ನಿಸಿತು. ಹಾಸನದ ಕಾನ್ವೆಂಟ್‌ನಲ್ಲಿ ನಮ್ಮ ಸಿಸ್ಟರ್ ಒಬ್ಬರು ಪ್ಯಾರಾಗ್ರಾಫ್ ಕೊಟ್ಟು ತಲೆಬರಹ ಬರೆಸುತ್ತಿದ್ದರು. ತಲೆಬರಹ ನೋಡಿ ಒಳಗೆ ಬಂದವರಿಗೆ ಒಳಗೆ ಅದೇ ಸಿಗಬೇಕು ಎನ್ನುವುದು ಅವರ ಪಾಠ.

ಸ್ಟೇಷನ್ನಿನಿಂದ ಮನೆಗೆ ಬರುವುದು ಏರು ದಾರಿ. ಸೂಟ್‌ಕೇಸ್ ಎಳೆದುಕೊಂಡು ಬರುವವರಿಗೆ ಅದು ಹತ್ತಿರವಲ್ಲ, ಆ ಮಾತು ತೆಗೆ ಎಂದೆ. ಹಾಗಾದರೆ ಏನು ಹಾಕೋಣ ಎಂದು ಅವನು ಕೇಳಿದ. ಬೆಳಗ್ಗೆ ಆ ಪುಟ್ಟ ಮನೆಯ ಕಿಟಕಿ ತೆರೆದರೆ ನಿಂಬೆಕಾಯಿ ಕೈಗೆಟುಕುತ್ತದೆ, ಎಲೆಯ ನೆರಳು ಹಾಸಿಗೆಯ ಮೇಲೆ ಆಡುತ್ತದೆ. ನಾನು ಶೀಟ್ ಬದಲಾಯಿಸಲು ಹೋದಾಗ ನೋಡಿದ್ದೆ. ಆ ಆ್ಯಪ್‌ನಲ್ಲಿ ಟೈಟಲ್‌ಗೆ ಇಷ್ಟೇ ಅಕ್ಷರ ಎಂಬ ಲೆಕ್ಕವಿದೆಯಂತೆ. ಕೂಡಿಸಿ ಕಳೆದು ಕೊನೆಗೆ ಇಂಗ್ಲಿಷಿನಲ್ಲಿ ‘ನಿಂಬೆ ಮರದ ಕೆಳಗೆ ಪುಟ್ಟ, ಶಾಂತ ಮನೆ’ ಎಂದು ಕೂರಿಸಿದೆವು. ಪ್ರಶಾಂತ ಮೆಚ್ಚಿದ. ನನಗೂ ಒಳಗೊಳಗೆ ಹೆಮ್ಮೆ. ಮಾರನೆಯ ದಿನ ಮರದ ಕೆಳಗೆ ಬಿದ್ದ ಎಲೆ ಗುಡಿಸಿ, ಗರಾಜಿನಲ್ಲಿದ್ದ ಒಂದು ಕಬ್ಬಿಣದ ಕುರ್ಚಿಯನ್ನು ಒರೆಸಿ ಅಲ್ಲಿಟ್ಟೆ.

ಆಮೇಲೆ ಬಂದವಳು ಒಬ್ಬ ಹುಡುಗಿ. ಯಾವುದೋ ಇಂಟರ್‌ವ್ಯೂಗೆ ಬಂದಿದ್ದಳು. ಬೆಳಗ್ಗೆ ಕೆಟಲ್ ಕೆಟ್ಟಿದೆ, ಬಿಸಿನೀರು ಕೊಡುತ್ತೀರಾ ಎಂದು ಹಿತ್ತಿಲ ಬಾಗಿಲು ತಟ್ಟಿದಳು. ತೆಳು ಕೋಟು, ಚಳಿಗೆ ಉಗುರೆಲ್ಲ ನೀಲಿ. ನಾನು ಕಾವಲಿಯ ಮುಂದೆ ನಿಂತಿದ್ದೆ. ಖಾಲಿ ಹೊಟ್ಟೆಯಲ್ಲಿ ಇಂಟರ್‌ವ್ಯೂಗೆ ಹೋಗುವ ಮಗುವಿಗೆ ಬರೀ ಬಿಸಿನೀರು ಕೊಟ್ಟು ಕಳಿಸಲು ನಮಗೆ ಕೈ ಬರುತ್ತದೆಯೇ? ಕೂರಿಸಿ ಎರಡು ದೋಸೆ ಹಾಕಿ ಕೊಟ್ಟೆ. ಅವಳು ಊರಿಗೆ ಹೋದ ಮೇಲೆ ಆ ಪುಟದಲ್ಲಿ ನಾಲ್ಕು ಸಾಲು ಬರೆದಳು. ರಾತ್ರಿ ಊಟಕ್ಕೆ ಕೂತಾಗ ಪ್ರಶಾಂತ ಅದನ್ನು ಗಟ್ಟಿಯಾಗಿ ಓದಿದ. ಆಂಟಿಯ ದೋಸೆಯನ್ನು ಎಂದೂ ಮರೆಯುವುದಿಲ್ಲ ಎಂದಿತ್ತು. ಸುಳ್ಳೇಕೆ ಹೇಳಲಿ, ನನಗೆ ಬಹಳ ಸಂತೋಷವಾಯಿತು.

ಅಲ್ಲಿಂದ ಬುಕಿಂಗ್ ಮೇಲೆ ಬುಕಿಂಗ್. ನಿಂಬೆ ಮರ ಕೆಲಸ ಮಾಡುತ್ತಿದೆ ಎಂದುಕೊಂಡೆ. ಪ್ರಶಾಂತ ಆಫೀಸಿಗೆ ಹೊರಡುವಾಗ ಬಾಗಿಲಲ್ಲಿ ನಿಂತು, “ಅತ್ತಿಗೆ, ಗೆಸ್ಟ್‌ಗೂ ಎರಡು ಹಾಕಿಬಿಡ್ತೀರಾ?” ಅನ್ನುತ್ತಿದ್ದ. ಹಿಟ್ಟು ಇದ್ದೇ ಇರುತ್ತಿತ್ತು, ಹೂಂ ಅನ್ನುತ್ತಿದ್ದೆ. ಒಂದು ದಿನ ಅವನು ಇಂಡಿಯನ್ ಅಂಗಡಿಯಿಂದ ದೊಡ್ಡ ಕಾವಲಿಯನ್ನೂ ಚಟ್ನಿಗೆಂದು ಪುಟ್ಟ ಸ್ಟೀಲ್ ಬಟ್ಟಲುಗಳನ್ನೂ ತಂದ. ಅಡುಗೆಮನೆಯ ಕಡೆ ತಿರುಗಿ ನೋಡದವನಿಗೆ ಇದೇನು ಹೊಸ ಉತ್ಸಾಹ ಎಂದು ಬೆರಗಾದೆ. ಅಣ್ಣನಿಗೆ ಕಳಿಸುತ್ತೇನೆ ಎಂದು ನಾನು ದೋಸೆ ಹುಯ್ಯುವಾಗ ಫೋಟೋವನ್ನೂ ತೆಗೆದ.

ಆದರೆ ಬೆಳಗಿನ ಹೊತ್ತು ಬಾಣಂತಿಯದು. ಮಗುವಿನ ಎಣ್ಣೆ ನೀರು, ಸಾಂಬ್ರಾಣಿ, ಆಮೇಲೆ ಸಿಂಧುವಿಗೆ ಬಿಸಿ ಅನ್ನ, ಮೆಣಸಿನ ಸಾರು. ಹೊಗೆಗೆ ಮನೆಯ ಅಲಾರಂ ಕೂಗಿಕೊಳ್ಳುತ್ತದೆಂದು ಸಾಂಬ್ರಾಣಿಯನ್ನು ಹಿತ್ತಿಲ ವೆರಾಂಡಾದಲ್ಲಿ ಹಾಕುತ್ತಿದ್ದೆವು. ಅಲ್ಲಿಯೇ ಗೆಸ್ಟ್‌ಗಳು ತಟ್ಟೆ ಹಿಡಿದು ಕೂರತೊಡಗಿದ ಮೇಲೆ ಸಾಂಬ್ರಾಣಿ ನಿಂತಿತು. ಮಗುವಿನ ಸ್ನಾನ ಹಿಂದಕ್ಕೆ ಹೋಯಿತು, ಸಿಂಧುವಿನ ಊಟ ಅದಕ್ಕೂ ಹಿಂದಕ್ಕೆ. ಅವಳ ಮಾತು ಕಡಿಮೆಯಾಗುತ್ತಿರುವುದನ್ನು ನಾನು ಗಮನಿಸಿದ್ದೆ. ನಿದ್ದೆ ಸಾಲದು ಪಾಪ ಎಂದುಕೊಂಡಿದ್ದೆ.

ಒಂದು ಶನಿವಾರ. ಪ್ರಶಾಂತ ತರಕಾರಿಗೆ ಹೋಗಿದ್ದ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದೆ. ಹಿತ್ತಿಲ ಬಾಗಿಲು ತಟ್ಟಿದ ಸದ್ದಾಯಿತು. ನಿಲ್ಲಲಿಲ್ಲ. ಮಗುವನ್ನು ಟವೆಲ್ಲಿನಲ್ಲಿ ಸುತ್ತಿ ಸಿಂಧುವಿನ ಕೈಗೆ ಕೊಟ್ಟು, ಎಣ್ಣೆ ಕೈಯಲ್ಲೇ ಬಾಗಿಲು ತೆರೆದೆ. ಪರ್ತ್‌ನಿಂದ ಬಂದಿದ್ದ ಗಂಡ ಹೆಂಡತಿ, ಇಬ್ಬರು ಮಕ್ಕಳು. ಮಗುವಿನ ಸ್ನಾನ ನಡೆದಿದೆ, ಸ್ವಲ್ಪ ಹೊತ್ತು ಬಿಟ್ಟು ತಿಂಡಿ ಕೊಡಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಆ ಮನುಷ್ಯ ಒರಟನಲ್ಲ. ಬಹಳ ಮೆತ್ತಗೆ ಹೇಳಿದ. ಅವರು ಫೆರಿ ಹಿಡಿಯಬೇಕಂತೆ. ನಿನ್ನೆ ಉಪ್ಪಿಟ್ಟು ಚೆನ್ನಾಗಿತ್ತಂತೆ, ಆದರೆ ಮಕ್ಕಳು ದೋಸೆ ಎಂದು ಊರಿನಿಂದಲೇ ಕಾಯುತ್ತಿದ್ದರಂತೆ. ಹೇಗೂ ಅದು ಟೈಟಲ್‌ನಲ್ಲೇ ಇದೆಯಲ್ಲ ಎಂದ.

ಟೈಟಲ್‌ನಲ್ಲಿ ಇರುವುದು ನಿಂಬೆ ಮರ ಎಂದೆ. ಅವನು ಗೊಂದಲದಿಂದ ಮರವನ್ನೊಮ್ಮೆ ನೋಡಿ, ಜೇಬಿನಿಂದ ಫೋನ್ ತೆಗೆದು ತೋರಿಸಿದ.

‘ಮೈಸೂರು ಆಂಟಿಯ ಬಿಸಿ ದೋಸೆ, ಪುಟ್ಟ ಶಾಂತ ಮನೆ.’

ಕೆಳಗೆ ಮೊದಲ ಫೋಟೋ ನನ್ನದು. ನನ್ನದು ಎಂದರೆ ತಲೆಯಿಲ್ಲ. ಕಾವಲಿ, ಸೌಟು, ಬಳೆ ತೊಟ್ಟ ಎರಡು ಕೈ. ಅದರ ಕೆಳಗೆ ವೈಫೈ, ಪಾರ್ಕಿಂಗ್, ಹೀಟರ್. ನನ್ನ ಮುಖ ಹೇಗಾಯಿತೋ ಗೊತ್ತಿಲ್ಲ, ಅವನ ಹೆಂಡತಿ ತೊಂದರೆಯಾದರೆ ಬೇಡ ಎಂದಳು. ಆದರೆ ಆ ಮಕ್ಕಳದು ಏನು ತಪ್ಪು? ಹೇಳಿದ್ದನ್ನು ನಂಬಿ ಬಂದವರು. ಕೈ ತೊಳೆದು ದೋಸೆ ಹಾಕಿದೆ. ಆ ದಿನ ಒಂದು ದೋಸೆಯೂ ಗುಂಡಗೆ ಬರಲಿಲ್ಲ.

ಒಳಗೆ ಬಂದು ನೋಡಿದರೆ, ಸಿಂಧು ಹೊಟ್ಟೆಯ ಹೊಲಿಗೆಯ ಮೇಲೆ ಒಂದು ಕೈ ಒತ್ತಿ ಹಿಡಿದು, ಬಚ್ಚಲ ನೆಲಕ್ಕೆ ಮಂಡಿಯೂರಿ, ಇನ್ನೊಂದು ಕೈಯಲ್ಲಿ ಮಗುವಿಗೆ ನೀರು ಹಾಕುತ್ತಿದ್ದಳು. ಬಗ್ಗಬಾರದು ಎಂದು ಡಾಕ್ಟರ್ ಎಷ್ಟು ಹೇಳಿದ್ದರು. ನಾನು ಓಡಿಹೋಗಿ ಮಗುವನ್ನು ಎತ್ತಿಕೊಂಡೆ. ಅವಳು ನನ್ನ ಮುಖ ನೋಡದೆ ಹೇಳಿದಳು: “ಪರವಾಗಿಲ್ಲ ಅಕ್ಕ. ನಿಮ್ಮ ಗೆಸ್ಟ್‌ಗಳು ಕಾಯ್ತಿರ್ತಾರೆ, ಹೋಗಿ.”

ನಿಮ್ಮ ಗೆಸ್ಟ್‌ಗಳು. ಆ ಮಾತು ಎದೆಗೆ ನಾಟಿತು. ಇಷ್ಟು ದಿನ ಅವಳು ಮನಸ್ಸಿನಲ್ಲಿ ಏನೆಂದುಕೊಂಡಿದ್ದಳು ಎನ್ನುವುದು ಆಗ ತಿಳಿಯಿತು. ಹೊರಗಿನವರು ಹೊಗಳುತ್ತಾರೆಂದು ಅಕ್ಕ ಅವರ ಹಿಂದೆ ಓಡುತ್ತಾರೆ, ಬಾಣಂತಿಯ ಸಾರು ಆರಿದರೂ ಅವರಿಗೆ ಲೆಕ್ಕವಿಲ್ಲ ಎಂದುಕೊಂಡಿದ್ದಳು. ತಾಯಿ ಬಳಿಯಿಲ್ಲದ ಹುಡುಗಿ. ಯಾರ ಹತ್ತಿರ ಹೇಳಿಕೊಳ್ಳಬೇಕು?

ಅವಳನ್ನು ಮಂಚದ ಮೇಲೆ ಕೂರಿಸಿ, ಅವಳ ಫೋನಿನಲ್ಲೇ ಆ ಪುಟ ತೆಗೆಸಿದೆ. ಅವಳಿಗೂ ಗೊತ್ತಿರಲಿಲ್ಲ. ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು. “ಇದು ನಿಮ್ಮ ಬಳೆ” ಅಂದಳು. “ನಿಮಗೇ ಇಷ್ಟ ಅಂತ ಅಂದ್ಕೊಂಡಿದ್ದೆ ಅಕ್ಕ.” ಆಮೇಲೆ ಇಬ್ಬರೂ ಅತ್ತೆವು. ಮಗು ಮಾತ್ರ ಅವತ್ತು ಅಳಲಿಲ್ಲ.

ಪ್ರಶಾಂತ ಚೀಲ ಹಿಡಿದು ಒಳಗೆ ಬಂದಾಗ ನಾನು ದನಿ ಎತ್ತಲಿಲ್ಲ. ನನಗೆ ದನಿ ಎತ್ತಲು ಬರುವುದೂ ಇಲ್ಲ. ಕೇಳಿದ್ದು ಇಷ್ಟೇ, ನನ್ನನ್ನು ಟೈಟಲ್‌ನಲ್ಲಿ ಯಾಕೆ ಹಾಕಿದೆ?

ಅವನು ನಕ್ಕುಬಿಟ್ಟ. ಬೇರೆಯವರ ಹತ್ತಿರ ಇಲ್ಲದ್ದು ನಮ್ಮ ಹತ್ತಿರ ಏನಿದೆಯೋ ಅದನ್ನೇ ಮೊದಲು ಹಾಕಬೇಕಂತೆ. ಫೋನಿನಲ್ಲಿ ಮೊದಲ ಮೂರ್ನಾಲ್ಕು ಪದ ಮಾತ್ರ ಕಾಣುವುದಂತೆ. ನಿಂಬೆ ಮರ ಸಿಡ್ನಿಯಲ್ಲಿ ಬೀದಿಗೆ ಹತ್ತಿದೆಯಂತೆ. “ನೀವು ಹೇಗೂ ಮಾಡ್ತಿದ್ರಲ್ಲ ಅತ್ತಿಗೆ. ಮಾಡ್ತಿದ್ದನ್ನೇ ಬರೆದೆ.”

“ಮಾಡ್ತಿದ್ದೆ. ನನ್ನ ಮನಸ್ಸಿಗೆ ಬಂದು ಮಾಡ್ತಿದ್ದೆ. ನೀನು ಬರೆದ ಮೇಲೆ ಅದು ಡ್ಯೂಟಿ ಆಯ್ತು. ನನಗೇ ಗೊತ್ತಿಲ್ಲದ ಡ್ಯೂಟಿ.”

“ನಿಮ್ಮ ಹೆಸರೇನೂ ಹಾಕಿಲ್ವಲ್ಲ. ಬರೀ ಆಂಟಿ ಅಂತ ಅಷ್ಟೇ.”

ಸಮಾಧಾನ ಹೇಳುತ್ತಿದ್ದೇನೆ ಎಂದೇ ಅವನ ನಂಬಿಕೆ. ನಾನು ಮೈಸೂರಿನವಳಲ್ಲ, ಹಾಸನದವಳು ಎಂದೆ. ಹಾಸನ ಎಂದರೆ ಇಲ್ಲಿ ಯಾರಿಗೂ ಗೊತ್ತಿಲ್ಲ, ಮೈಸೂರು ಎಂದರೆ ದೋಸೆ ಎಂದಾದರೂ ಗೊತ್ತು ಎಂದು ಅದಕ್ಕೂ ಉತ್ತರ ಕೊಟ್ಟ. ಅವನು ಮೊದಲ ಸಲ ಅಮ್ಮನನ್ನು ಬಿಟ್ಟು ಈ ದೇಶಕ್ಕೆ ಬಂದಾಗ ನಮ್ಮ ಮನೆಯಲ್ಲಿದ್ದವನು. ಜ್ವರ ಬಂದಾಗ ಇದೇ ಕೈಯಿಂದ ಗಂಜಿ ಕುಡಿದವನು. ನನ್ನ ಊರು ಹೋಯಿತು, ಹೆಸರು ಹೋಯಿತು, ತಲೆಯೂ ಹೋಯಿತು. ಉಳಿದದ್ದು ಕೈ ಮಾತ್ರ.

ಈಗಲೇ ತೆಗೆ ಎಂದೆ. ಈ ಟೈಟಲ್ ನೋಡಿಯೇ ಮುಂದಿನ ಬುಕಿಂಗ್‌ಗಳು ಬಂದಿವೆ, ಆಮೇಲೆ ನೋಡೋಣ ಎಂದು ಅವನು ತೊದಲಿದ. ಅಷ್ಟರಲ್ಲಿ ಸಿಂಧು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಳು.

“ಅಕ್ಕ ಬಂದಿದ್ದು ನನಗೋಸ್ಕರ ಪ್ರಶಾಂತ್. ನಿನ್ನ ಲಿಸ್ಟಿಂಗ್‌ಗೆ ಅಲ್ಲ. ತೆಗಿ.”

ಅವನು ಅವಳ ಮುಖ ನೋಡಿದ, ಹೊಟ್ಟೆಯ ಮೇಲಿದ್ದ ಅವಳ ಕೈ ನೋಡಿದ. ತರಕಾರಿ ಚೀಲ ಕೆಳಗಿಟ್ಟು, ನಿಂತಲ್ಲೇ ಫೋನ್ ತೆಗೆದು ಟೈಟಲ್ ಅಳಿಸಿದ. ಮತ್ತೆ ನಿಂಬೆ ಮರ ಬಂತು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ನಾನೂ ಆಡಿಸಲಿಲ್ಲ. ಮಾರನೆಯ ಬೆಳಗ್ಗೆ ವೆರಾಂಡಾದಲ್ಲಿ ಮತ್ತೆ ಸಾಂಬ್ರಾಣಿ ಹಾಕಿದೆವು. ಆಮೇಲಿನ ವಾರ ಉಳಿದುಕೊಂಡಿದ್ದ ಒಬ್ಬ ಮುದುಕಿ ನಿಂಬೆ ಮರದ ಕೆಳಗಿನ ಕುರ್ಚಿಯಲ್ಲಿ ಬಿಸಿಲಿಗೆ ಕೂತಿದ್ದಾಗ ನಾನೇ ಹೋಗಿ ಕಾಫಿ ಕೊಟ್ಟೆ. ಅದು ನನ್ನ ಇಷ್ಟ.

ಸಿಂಧುವಿನ ತಾಯಿಯ ವೀಸಾ ಬಂದು, ಅವರು ಬಂದ ಮೇಲೆ ನಾನು ಕ್ರೇಗಿಬರ್ನ್‌ಗೆ ಮರಳಿದೆ. ಮುಗಿಯಿತು ಎಂದುಕೊಂಡಿದ್ದೆ. ಒಂದು ಸಂಜೆ ಮೇಘಾ ಆ ಪುಟ ನೋಡುತ್ತಾ ನಗತೊಡಗಿದಳು. “ಅಮ್ಮಾ, ಯು ಗಾಟ್ ಎ ಬ್ಯಾಡ್ ರಿವ್ಯೂ.” ಹಳೆಯ ಟೈಟಲ್ ನೋಡಿ ಬುಕ್ ಮಾಡಿದ್ದ ಯಾರೋ ಬರೆದಿದ್ದರು. ಮನೆ ಚೆನ್ನಾಗಿತ್ತು, ಆದರೆ ಹೇಳಿದ್ದ ಆಂಟಿ ಇರಲಿಲ್ಲ, ಆದ್ದರಿಂದ ಒಂದು ಸ್ಟಾರ್ ಕಡಿಮೆ. ಹೀಟರ್ ಕೆಟ್ಟಿತ್ತು ಎನ್ನುವ ಹಾಗೆ. ನನಗೆ ನಗು ಬರಲಿಲ್ಲ.

ಅದೇ ರಾತ್ರಿ ಪ್ರಶಾಂತನ ಫೋನ್ ಬಂತು. ದನಿ ತಗ್ಗಿತ್ತು. ಆ ರಿವ್ಯೂಗೆ ಏನು ಉತ್ತರ ಬರೆಯಬೇಕೋ ತಿಳಿಯುತ್ತಿಲ್ಲ, ನೀವೇ ಬರೆದುಕೊಡುತ್ತೀರಾ ಅತ್ತಿಗೆ, ನಿಮ್ಮ ಇಂಗ್ಲಿಷ್ ಚೆನ್ನಾಗಿದೆ ಎಂದ. ಬರೆದುಕೊಟ್ಟೆ. ಅವನು ಒಂದು ಅಕ್ಷರವನ್ನೂ ತಿದ್ದದೆ ಹಾಗೇ ಹಾಕಿದ. ಇವತ್ತಿಗೂ ಆ ಪುಟದಲ್ಲಿ ಅದು ಇದೆ. ಆ ದಿನದ ಸಿಟ್ಟು ಮರಳಿದಾಗಲೆಲ್ಲ ನಾನು ಅದನ್ನೊಮ್ಮೆ ತೆಗೆದು ಓದುತ್ತೇನೆ. ಕನ್ನಡದಲ್ಲಿ ಹೇಳುವುದಾದರೆ ಅದು ಇಷ್ಟೇ:

‘ನಿಮಗೆ ನಿರಾಶೆಯಾದದ್ದಕ್ಕೆ ಕ್ಷಮಿಸಿ. ಆಂಟಿ ಈ ಬಾಡಿಗೆ ಮನೆಯ ಸೌಲಭ್ಯವಲ್ಲ. ಅವರು ಈ ಮನೆಯ ಹಿರಿಯ ಸೊಸೆ, ಊರು ಹಾಸನ, ಹೆಸರು ಶಶಿಕಲಾ. ಬಾಣಂತನ ಮುಗಿಸಿ ತಮ್ಮ ಮನೆಗೆ ಹೋಗಿದ್ದಾರೆ. ನಿಂಬೆ ಮರ ಇಲ್ಲೇ ಇದೆ.’